ಹಳೇ ಮಾರುತಿ 800 ಬಿಸಿಯಾಗ್ತಿದೆಯಾ? ಕೂಲಿಂಗ್ ಕೆಲಸ ಮನೆಯಲ್ಲೇ ಮಾಡುವ ಕ್ರಮ

"ಘಾಟಿ ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಸೂಜಿ ಮೇಲಕ್ಕೆ ಹೋಗುತ್ತೆ, ರೇಡಿಯೇಟರ್ ಬದಲಿಸಬೇಕಾ?" ಹಳೇ ಮಾರುತಿ 800 ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೇಸಿಗೆ ಶುರುವಾದರೆ ಕೇಳುವವರು ಇನ್ನೂ ಜಾಸ್ತಿ. ರೇಡಿಯೇಟರ್ ಅಂದರೆ ಇಂಜಿನ್ನಿನಿಂದ ಬರುವ ಬಿಸಿ ದ್ರವವನ್ನು ಗಾಳಿಗೆ ತಣಿಸುವ ಜಾಲರಿ. ಬಹಳಷ್ಟು ಸಲ ಹೊಸದು ಬೇಕಾಗಿರುವುದಿಲ್ಲ. ರೇಡಿಯೇಟರಿನ ಮುಚ್ಚಳ, ಬೆಲ್ಟ್, ಹೋಸ್ (ರಬ್ಬರ್ ಕೊಳವೆ), ಫ್ಯಾನಿನ ಫ್ಯೂಸ್, ಥರ್ಮೋಸ್ಟ್ಯಾಟ್ (ಬಿಸಿಗೆ ತೆರೆಯುವ ಕವಾಟ), ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ. ಇವೆಲ್ಲ ಕಡಿಮೆ ಬೆಲೆಯ ಸಾಮಾನು. ಆದ್ದರಿಂದ ಕಡಿಮೆ ಖರ್ಚಿನದ್ದನ್ನು ಮೊದಲು ನೋಡಿ, ದುಬಾರಿಯದ್ದನ್ನು ಕೊನೆಗೆ ನೋಡಿ. ಕಾರಣ ಗೊತ್ತಾಗುವ ತನಕ ಒಂದು ಸಾಮಾನನ್ನೂ ಕೊಳ್ಳಬೇಡಿ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಕಟ್ಟಕಡೆಯ ಕಾರಿಗೂ ಹತ್ತು ವರ್ಷ ದಾಟಿದೆ. ಇಂಜಿನ್ ಗಟ್ಟಿಯಾಗಿಯೇ ಇರಬಹುದು, ಆದರೆ ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ ಅಷ್ಟು ಆಯಸ್ಸು ಇಲ್ಲ. 796 ಸಿಸಿಯ ಈ ಮೂರು ಸಿಲಿಂಡರ್ ಇಂಜಿನ್ನಿನ ಹೆಡ್, ಅಂದರೆ ಮೇಲಿನ ಭಾಗ, ಅಲ್ಯೂಮಿನಿಯಂನದ್ದು. ಒಮ್ಮೆ ಜೋರಾಗಿ ಬಿಸಿಯಾದರೆ ಅದು ಸೊಟ್ಟಗಾಗಿ, ಕೆಳಗಿನ ಗ್ಯಾಸ್ಕೆಟ್, ಅಂದರೆ ಸಂದಿಯಲ್ಲಿ ಸೋರದಂತೆ ತಡೆಯುವ ತೆಳು ಹಾಳೆ, ಹೋಗುತ್ತದೆ. ಆಮೇಲೆ ಇಂಜಿನ್ ಬಿಚ್ಚದೆ ದಾರಿ ಇಲ್ಲ. ಇದೇ 796 ಸಿಸಿಯ ಹಳೇ ಆಲ್ಟೋ ಇದ್ದವರಿಗೂ ಇಲ್ಲಿ ಹೇಳುವ ಹೆಚ್ಚಿನ ಸಂಗತಿ ಹೊಂದುತ್ತದೆ.

ಬಾನೆಟ್ ತೆಗೆಯುವ ಮೊದಲು

ಕಾರು ಯಾವಾಗ ಬಿಸಿಯಾಗುತ್ತದೆ ಎಂದು ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿಯಿತು.

ಟ್ರಾಫಿಕ್‌ನಲ್ಲಿ ನಿಂತಾಗ ಸೂಜಿ ಏರಿ, ಹೈವೇಯಲ್ಲಿ ಓಡುವಾಗ ಇಳಿದರೆ ಫ್ಯಾನಿನ ಮೇಲೆ ಅನುಮಾನ ಪಡಿ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದ್ದು. ಇದಕ್ಕೆ ತಿರುಗಾಮುರುಗಾ, ಊರಿನೊಳಗೆ ಚೆನ್ನಾಗಿದ್ದು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಏರುವಾಗ ಮಾತ್ರ ಬಿಸಿಯಾದರೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಕಡಿಮೆಯಾಗಿರಬೇಕು, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಸೂಜಿ ಕೆಂಪಿಗೆ ಹೋದರೆ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡೇ ಕೂತಿದೆ ಅಥವಾ ಕೂಲೆಂಟೇ ಇಲ್ಲ.

ಸೂಜಿ ಏರುವುದರ ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪವೂ ಹತ್ತಿಕೊಂಡರೆ ತಕ್ಷಣ ಗಾಡಿ ನಿಲ್ಲಿಸಿ. ಬೆಲ್ಟ್ ತುಂಡಾಗಿರುವ ಸಂಭವವೇ ಹೆಚ್ಚು. ಈ ಇಂಜಿನ್ನಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಕೂಲೆಂಟ್ ಸುತ್ತಿಸುವ ವಾಟರ್ ಪಂಪ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ಹೋದರೆ ಚಾರ್ಜಿಂಗ್ ನಿಲ್ಲುತ್ತದೆ, ನೀರಿನ ಓಡಾಟವೂ ನಿಲ್ಲುತ್ತದೆ.

ಸೂಜಿಯನ್ನೇ ಪೂರ್ತಿ ನಂಬಬೇಡಿ. ಕೂಲೆಂಟ್ ಎಲ್ಲಾ ಸೋರಿಹೋದರೆ ಅದರ ಸೆನ್ಸರ್ ಬರೀ ಗಾಳಿಯಲ್ಲಿ ಕೂತಿರುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಸೂಜಿ ಕೆಳಗೇ ಇರಬಹುದು. ಬಿಸಿ ವಾಸನೆ, ಎಳೆತ ಕಡಿಮೆಯಾಗುವುದು, ಟಕಟಕ ಸದ್ದು ಬಂದರೆ ಸೂಜಿ ಏನೇ ತೋರಿಸಲಿ, ಇಂಜಿನ್ ಆಫ್ ಮಾಡಿ.

ಏನೇನು ಬೇಕು

10, 12 ಮತ್ತು 14 ನಂಬರ್ ಸ್ಪ್ಯಾನರ್, ಒಂದು ಚಪ್ಪಟೆ ಸ್ಕ್ರೂಡ್ರೈವರ್, ಪ್ಲೈಯರ್, ಅಗಲವಾದ ಟಬ್ಬು, ಹಳೇ ಟೂತ್‌ಬ್ರಶ್, ಹಳೇ ಬಟ್ಟೆ, ಗ್ಲೌಸ್. ಈ ಕಾರಿಗೆ ಒಟ್ಟು ಮೂರರಿಂದ ನಾಲ್ಕು ಲೀಟರ್ ಕೂಲೆಂಟ್ ಹಿಡಿಸುತ್ತದೆ. ನಿಮ್ಮ ಮಾಡೆಲ್ಲಿನ ಸರಿಯಾದ ಅಳತೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಕೂಲೆಂಟ್ ಅಂದರೆ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕ ಸೇರಿದ ದ್ರವ. ಅಂಗಡಿಯಲ್ಲಿ ಎರಡು ಬಗೆಯದ್ದು ಸಿಗುತ್ತದೆ. ಒಂದು ಕಾನ್ಸನ್ಟ್ರೇಟ್, ಇದಕ್ಕೆ ನಾವೇ ನೀರು ಬೆರೆಸಬೇಕು. ಇನ್ನೊಂದು ರೆಡಿಮಿಕ್ಸ್, ನೇರವಾಗಿ ಸುರಿಯುವುದು. ಫ್ಲಶ್ ಮಾಡಿ, ಅಂದರೆ ಒಳಗೆಲ್ಲ ನೀರಿನಿಂದ ತೊಳೆದು, ತುಂಬುವುದಾದರೆ ಕಾನ್ಸನ್ಟ್ರೇಟ್ ತೆಗೆದುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಡಬ್ಬಿಯ ಮೇಲಿನ ವಿವರ ಓದಿ. ಬೇರೆ ಬೇರೆ ಬಗೆಯ ಕೂಲೆಂಟ್ ಬೆರೆಸಿದರೆ ಒಂದರ ತುಕ್ಕು ತಡೆಯುವ ಶಕ್ತಿ ಇನ್ನೊಂದರಿಂದ ಕೆಡುತ್ತದೆ, ಕೆಲವೊಮ್ಮೆ ಒಳಗೆ ಲೋಳೆ ಕಟ್ಟುತ್ತದೆ.

ಬೆರೆಸಲು ಡಿಸ್ಟಿಲ್ಡ್ ವಾಟರ್ ಬೇಕು. ಪೆಟ್ರೋಲ್ ಬಂಕ್‌ನಲ್ಲಿ "ಬ್ಯಾಟರಿ ನೀರು" ಎಂದು ಕ್ಯಾನ್‌ಗಳಲ್ಲಿ ಮಾರುವುದು ಸಾಕು. ಬ್ಯಾಟರಿ ಆಸಿಡ್ ಬೇರೆ, ಅದನ್ನು ತರಬೇಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ, ಕೋಲಾರ-ಚಿಕ್ಕಬಳ್ಳಾಪುರದ ಕಡೆ, ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಪದರ ಕೂರುತ್ತದೆ. ಘಾಟಿಯಲ್ಲಿ ಬಿಸಿಯಾಗುವ ಎಷ್ಟೋ ಕಾರುಗಳ ಕಥೆ ಇಷ್ಟೇ: ವರ್ಷಗಟ್ಟಲೆ ಯಾರೋ ನಲ್ಲಿ ನೀರು ಸುರಿದಿದ್ದಾರೆ.

ಬಿಡಿಭಾಗಕ್ಕೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಬೇರೆ ಊರುಗಳಲ್ಲೂ ಈ ಕಾರಿನ ಸಾಮಾನು ಸುಲಭವಾಗಿ ಸಿಗುತ್ತದೆ. ಮುಚ್ಚಳ ಮತ್ತು ಥರ್ಮೋಸ್ಟ್ಯಾಟ್ ಎರಡನ್ನು ಮಾತ್ರ ಅಗ್ಗಕ್ಕೆ ಆಸೆಪಟ್ಟು ಹೆಸರಿಲ್ಲದ್ದನ್ನು ತರಬೇಡಿ. ಹಳೆಯದನ್ನು ಜೊತೆಗೆ ಒಯ್ದು ತಾಳೆ ನೋಡಿ.

ಕೈ ಹಾಕುವ ಮೊದಲು ನಾಲ್ಕು ಎಚ್ಚರ

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಒತ್ತಡದಲ್ಲಿರುವ ದ್ರವ ಮುಚ್ಚಳ ಸಡಿಲವಾದ ಕ್ಷಣವೇ ಕುದ್ದು ಮುಖಕ್ಕೆ ಎರಚುತ್ತದೆ. ಬಟ್ಟೆ ಹಿಡಿದು ತೆಗೆದರೆ ಆಗುತ್ತೆ ಎನ್ನುವವರ ಮಾತು ಕೇಳಬೇಡಿ. ಈ ಕೆಲಸಕ್ಕೆ ರಾತ್ರಿಯೆಲ್ಲಾ ನಿಂತು ತಣ್ಣಗಾದ ಕಾರೇ ಬೇಕು.

ಫ್ಯಾನ್ ವಿದ್ಯುತ್ತಿನದ್ದು. ಇಂಜಿನ್ ಬಿಸಿ ಇರುವಾಗ ತಾನಾಗಿಯೇ ತಿರುಗಬಹುದು. ಅದರ ಹತ್ತಿರ ಕೈ ಹಾಕುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ದುಪಟ್ಟಾ, ಉದ್ದ ಸರ, ಸಡಿಲ ತೋಳು, ಉಂಗುರ ಇದ್ದರೆ ತೆಗೆದಿಟ್ಟು ಬನ್ನಿ.

ಇಂಜಿನ್ ಚಾಲೂ ಇಡುವ ಹಂತಗಳನ್ನು ಬಯಲಲ್ಲೇ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ತುಂಬಿದರೆ ಪ್ರಾಣಕ್ಕೇ ಅಪಾಯ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಕೂಲೆಂಟ್ ವಿಷ. ರುಚಿ ಸಿಹಿ, ಹಾಗಾಗಿ ನಾಯಿ ಬೆಕ್ಕು ನೆಕ್ಕುತ್ತವೆ. ಮಕ್ಕಳ ಕೈಗೂ ಸಿಗಬಾರದು. ನೆಲಕ್ಕೆ ಬಿದ್ದದ್ದನ್ನು ಆಗಲೇ ತೊಳೆದು ಒರೆಸಿ.

1. ಮುಚ್ಚಳ

ಅಷ್ಟು ಚಿಕ್ಕ ಸಾಮಾನು ಎಂದು ಜನ ಇದನ್ನು ನೋಡುವುದೇ ಇಲ್ಲ. ಆದರೆ ಇಡೀ ಕೂಲಿಂಗ್ ನಿಂತಿರುವುದು ಇದರ ಮೇಲೆ. ಮುಚ್ಚಳದ ಮೇಲೆ 0.9 ಎಂಬ ಅಂಕಿ ಕಾಣುತ್ತದೆ. ಅದು ಹಿಡಿದಿಡುವ ಒತ್ತಡದ ಲೆಕ್ಕ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸೆಟೆದುಕೊಂಡರೆ ಒತ್ತಡ ನಿಲ್ಲುವುದಿಲ್ಲ, 100 ಡಿಗ್ರಿಗೇ ಕುದಿ ಬರುತ್ತದೆ. ಘಾಟಿಯಲ್ಲಿ ಈ 18 ಡಿಗ್ರಿಯೇ ನಿಮ್ಮನ್ನು ಕಾಯುವುದು.

ತಣ್ಣಗಿರುವಾಗ ಮುಚ್ಚಳ ತೆಗೆದು ತಿರುಗಿಸಿ ಹಿಡಿಯಿರಿ. ಕೆಳಗಿನ ರಬ್ಬರ್ ಬಿಲ್ಲೆ ಮೆತ್ತಗಿರಬೇಕು. ರೇಡಿಯೇಟರ್ ಬಾಯಿಯ ಅಂಚು ಒತ್ತಿದ ಗೆರೆ ಆಳವಾಗಿ ಬಿದ್ದಿದ್ದರೆ, ಬಿರುಕು ಬಿಟ್ಟಿದ್ದರೆ, ಬದಲಿಸಿ. ನಡುವೆ ಒಂದು ಪುಟ್ಟ ಲೋಹದ ಬಿಲ್ಲೆ ಇದೆ. ಉಗುರಿನಿಂದ ಎಳೆದು ಬಿಟ್ಟರೆ ಅದು ಟಕ್ಕನೆ ಹಿಂದಕ್ಕೆ ಕೂರಬೇಕು. ಇಂಜಿನ್ ತಣ್ಣಗಾಗುವಾಗ ಪಕ್ಕದ ಪ್ಲಾಸ್ಟಿಕ್ ಡಬ್ಬದಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳುವುದು ಈ ಬಿಲ್ಲೆಯ ಮೂಲಕವೇ. ಅದು ಅಂಟಿಕೊಂಡಿದ್ದರೆ ಡಬ್ಬ ತುಂಬಿರುತ್ತದೆ, ರೇಡಿಯೇಟರ್ ಮಾತ್ರ ಖಾಲಿ. ಬೆಳಿಗ್ಗೆ ನೋಡಿದರೆ ಮೇಲಿನ ಹೋಸ್ ಒಳಗೆ ಎಳೆದುಕೊಂಡು ಚಪ್ಪಟೆಯಾಗಿರುತ್ತದೆ. ಹಾಗಾಗಿ ಡಬ್ಬದ ಮಟ್ಟ ನೋಡಿ ಸುಮ್ನಾಗಬೇಡಿ. ತಿಂಗಳಿಗೊಮ್ಮೆಯಾದರೂ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಬಾಯಿಯವರೆಗೆ ಕೂಲೆಂಟ್ ಇದೆಯಾ ನೋಡಿ.

2. ಬೆಲ್ಟ್ ಮತ್ತು ಹೋಸ್

ಬೆಲ್ಟಿನ ಒಳಮೈಯನ್ನು ಟಾರ್ಚ್ ಹಿಡಿದು ನೋಡಿ. ಬಿರುಕು, ಹೊಳಪು, ಎದ್ದ ನೂಲು ಕಂಡರೆ ಬದಲಿಸಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು ಸೆಂಟಿಮೀಟರಿನಷ್ಟು ಬಗ್ಗಬೇಕು. ಅದಕ್ಕಿಂತ ತುಂಬ ಜಾಸ್ತಿ ಬಗ್ಗಿದರೆ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಹಿಡಿದು ಬಿಗಿಮಾಡಿ. ಹೆಚ್ಚು ಬಿಗಿದರೆ ಪಂಪಿನ ಬೇರಿಂಗ್ ಹೋಗುತ್ತದೆ.

ಹೋಸ್‌ಗಳನ್ನು ಹಿಸುಕಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿರಬಾರದು, ಪಿಚಪಿಚ ಎನ್ನುವಷ್ಟು ಮೆತ್ತಗೂ ಇರಬಾರದು. ಕ್ಲಿಪ್ಪಿನ ಪಕ್ಕ ಉಬ್ಬಿದ್ದರೆ ಅದು ಒಡೆಯುವ ದಿನ ದೂರವಿಲ್ಲ. ಹಳೇ ಹೋಸ್ ಅಂಟಿಕೊಂಡಿದ್ದರೆ ಎಳೆದಾಡಬೇಡಿ, ಹೇಗೂ ಬದಲಿಸುವುದು ಅಲ್ವಾ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಜಗ್ಗಿದರೆ ರೇಡಿಯೇಟರಿನ ಮೂತಿಯೇ ಮುರಿದು ಬರುತ್ತದೆ. ಹೊಸ ಕ್ಲಿಪ್ ಬಿಗಿಯುವಾಗಲೂ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಆಗಿದ್ದರೆ ಹಿತಮಿತವಾಗಿ ಬಿಗಿಯಿರಿ.

3. ಫ್ಯಾನ್

ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಫ್ಯಾನ್ ಮೋಟರಿನ ಕನೆಕ್ಟರ್ ಬಿಚ್ಚಿ, ಎರಡು ತಂತಿಗಳಿಂದ ಬ್ಯಾಟರಿಯ ಕರೆಂಟನ್ನು ನೇರ ಮೋಟರಿಗೆ ಕೊಡಿ. ಒಂದು ತಂತಿಗೆ ಫ್ಯೂಸ್ ಹಾಕಿಕೊಂಡಿದ್ದರೆ ಒಳ್ಳೆಯದು. ಫ್ಯಾನ್ ರಭಸದಿಂದ ತಿರುಗಿದರೆ ಮೋಟರ್ ಚೆನ್ನಾಗಿದೆ. ತಪ್ಪು ಅದಕ್ಕೆ ಅಪ್ಪಣೆ ಕೊಡುವ ಸ್ವಿಚ್ಚು, ರಿಲೇ ಅಥವಾ ವೈರಿಂಗ್‌ನಲ್ಲಿದೆ. ತಿರುಗದಿದ್ದರೆ ಅಥವಾ ನಿಧಾನವಾಗಿ ಅಳುತ್ತಾ ತಿರುಗಿದರೆ ಮೋಟರಿನ ಒಳಗಿನ ಕಾರ್ಬನ್ ಬ್ರಶ್ ಸವೆದಿರಬಹುದು. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಅದಷ್ಟನ್ನೇ ಬದಲಿಸಬಹುದು.

ಫ್ಯಾನನ್ನು ಸದಾ ತಿರುಗುವಂತೆ ನೇರ ಕೀಗೆ ಸೇರಿಸಿಬಿಡುವ ಪದ್ಧತಿ ಒಂದಿದೆ. ಹಾಗೆ ಮಾಡಿಸಬೇಡಿ. ಮೋಟರ್ ಬೇಗ ಸವೆಯುತ್ತದೆ, ನಿಜವಾದ ತೊಂದರೆ ಹಾಗೇ ಉಳಿಯುತ್ತದೆ.

4. ಥರ್ಮೋಸ್ಟ್ಯಾಟ್

ಇಂಜಿನ್ ತಣ್ಣಗಿರುವಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆದು, ಬಿಸಿಯಾದ ಮೇಲೆ ಬಾಗಿಲು ತೆರೆಯುವ ಪುಟ್ಟ ಕವಾಟ ಇದು. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. "ನಮ್ಮ ಬಿಸಿಲಿಗೆ ಇದು ಬೇಡ ಸಾರ್" ಎಂದು ಕಿತ್ತು ಬಿಸಾಡುವ ಅಭ್ಯಾಸ ಊರೂರಲ್ಲಿ ಇದೆ. ಅದು ತಪ್ಪು. ಇಂಜಿನ್ ತನ್ನ ಬಿಸಿಗೆ ಬರಲು ತುಂಬ ಹೊತ್ತು ಹಿಡಿಯುತ್ತದೆ, ಅಲ್ಲಿಯ ತನಕ ಸವೆತ ಜಾಸ್ತಿ. ಎಂಪಿಎಫ್‌ಐ ಕಾರಿನಲ್ಲಿ, ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಮಾಡೆಲ್ಲಿನಲ್ಲಿ, ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಬಿತ್ತು ಎಂದು ಒದ್ದಾಡುವವರು ಸೂಜಿ ನಡುವಿನವರೆಗೆ ಬರುತ್ತಿದೆಯಾ ನೋಡಿಕೊಳ್ಳಲಿ. ಬರುತ್ತಿಲ್ಲ ಎಂದರೆ ಥರ್ಮೋಸ್ಟ್ಯಾಟ್ ಇಲ್ಲವೇ ಇಲ್ಲ, ಅಥವಾ ತೆರೆದೇ ನಿಂತಿದೆ.

ಪರೀಕ್ಷೆ ಸುಲಭ. ಕೂಲೆಂಟ್ ಇಳಿಸಿ, ಮೇಲಿನ ಹೋಸ್ ಇಂಜಿನ್ನಿಗೆ ಸೇರುವ ಕಡೆಯ ಮುಚ್ಚಿಗೆಯ ಬೋಲ್ಟ್ ಬಿಚ್ಚಿದರೆ ಥರ್ಮೋಸ್ಟ್ಯಾಟ್ ಕೈಗೆ ಬರುತ್ತದೆ. ಅಡಿಗೆಗೆ ಬಳಸದ ಪಾತ್ರೆಯಲ್ಲಿ ನೀರು ಹಾಕಿ, ದಾರ ಕಟ್ಟಿ ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಲೋಹದ ಮೇಲೆ 82ರ ಹತ್ತಿರದ ಒಂದು ಅಂಕಿ ಅಚ್ಚಾಗಿರುತ್ತದೆ. ಆಸುಪಾಸು ಅಷ್ಟು ಬಿಸಿಗೆ ಅದು ಬಾಯಿ ಬಿಡಲು ಶುರುಮಾಡಬೇಕು, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು, ತಣಿದಾಗ ಮುಚ್ಚಬೇಕು. ಮೂರರಲ್ಲಿ ಒಂದು ಆಗದಿದ್ದರೂ ಹೊಸದು ಹಾಕಿ. ವಾಪಸ್ ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ ಇರಬೇಕು. ಹಳೇ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆದು ಹೊಸ ಗ್ಯಾಸ್ಕೆಟ್ ಹಾಕಿ. ಬೋಲ್ಟುಗಳು ಅಲ್ಯೂಮಿನಿಯಂನಲ್ಲಿ ಕೂರುತ್ತವೆ, ಬಲ ಹಾಕಿ ತಿರುಪಿದರೆ ಒಳಗಿನ ಮರೆ (ತಿರುಪಿನ ಗೆರೆ) ಹಾಳಾಗುತ್ತದೆ.

5. ಫ್ಲಶ್

ರೇಡಿಯೇಟರ್ ತಳದ ಡ್ರೈನ್ ಪ್ಲಗ್ ಕೆಳಗೆ ಟಬ್ಬಿಟ್ಟು ತೆಗೆಯಿರಿ. ಹಳೇ ಪ್ಲಗ್ ಹಟ ಮಾಡಿದರೆ ಅದನ್ನು ಬಿಟ್ಟು ಕೆಳಗಿನ ಹೋಸ್ ಬಿಚ್ಚಿ. ಇಳಿದದ್ದು ತುಕ್ಕಿನ ಬಣ್ಣಕ್ಕಿದ್ದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಳ್ಳೆಯ ನೀರು ತುಂಬಿ, ಹೀಟರ್ ಇರುವ ಮಾಡೆಲ್ ಆದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕಿ ಇಂಜಿನ್ ಓಡಿಸಿ. ಮೇಲಿನ ಹೋಸ್ ಬಿಸಿಯಾಯಿತು ಎಂದರೆ ಥರ್ಮೋಸ್ಟ್ಯಾಟ್ ತೆರೆದಿದೆ, ನೀರು ಎಲ್ಲಾ ಕಡೆ ಸುತ್ತುತ್ತಿದೆ. ಆಫ್ ಮಾಡಿ, ಪೂರ್ತಿ ತಣಿಯಲು ಬಿಟ್ಟು ಮತ್ತೆ ಇಳಿಸಿ. ನೀರು ತಿಳಿಯಾಗಿ ಬರುವವರೆಗೆ ಇದೇ ಕೆಲಸ. ಒಂದು ಭಾನುವಾರ ಪೂರ್ತಿ ಹೋಗಬಹುದು. ಅವಸರಕ್ಕೆ ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಇದೇ ಹೊತ್ತಿನಲ್ಲಿ ರೇಡಿಯೇಟರಿನ ಹೊರಮೈಯನ್ನೂ ತೊಳೆಯಿರಿ. ಎಸಿ ಇದ್ದರೆ ಅದರ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಇನ್ನೊಂದು ಜಾಲರಿ) ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಹುಳು, ಎಲೆ, ಧೂಳು ಸೇರಿ ಹೊದಿಕೆಯೇ ಆಗಿರುತ್ತದೆ. ನೀರನ್ನು ಇಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ಬಿಡಿ. ವಾಟರ್ ಸರ್ವಿಸ್‌ನ ಪ್ರೆಶರ್ ಪೈಪ್ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು ಗಾಳಿಯೇ ಹೋಗುವುದಿಲ್ಲ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಈ ರೆಕ್ಕೆಗಳು ಪುಡಿಪುಡಿಯಾಗಿರುತ್ತವೆ. ಟೂತ್‌ಬ್ರಶ್ ತಾಗಿದರೆ ಉದುರುವ ಸ್ಥಿತಿಯಲ್ಲಿದ್ದರೆ ಮಾತ್ರ ಹೊಸ ರೇಡಿಯೇಟರ್ ಯೋಚಿಸಿ. ತಾಮ್ರ-ಹಿತ್ತಾಳೆಯ ಹಳೇ ರೇಡಿಯೇಟರ್ ಇದ್ದು ಒಳಗೆ ಕಟ್ಟಿಕೊಂಡಿದ್ದರೆ ರೇಡಿಯೇಟರ್ ವರ್ಕ್ಸ್‌ನವರು ಬಿಚ್ಚಿ, ನಾಳ ಬಿಡಿಸಿ, ಬೆಸುಗೆ ಹಾಕಿ ಕೊಡುತ್ತಾರೆ.

ಇಳಿಸಿದ ಹಳೇ ಕೂಲೆಂಟನ್ನು ಚರಂಡಿಗೋ ಗಿಡದ ಬುಡಕ್ಕೋ ಚೆಲ್ಲಬೇಡಿ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹೆಸರು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೇಳಿ ಕೊಡಿ.

6. ತುಂಬುವುದು, ಗಾಳಿ ತೆಗೆಯುವುದು

ಎಷ್ಟೇ ಇಳಿಸಿದರೂ ಇಂಜಿನ್ನಿನ ಒಳಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಅದರ ಮೇಲೆ ರೆಡಿಮಿಕ್ಸ್ ಸುರಿದರೆ ಕೂಲೆಂಟ್ ತೆಳುವಾಗುತ್ತದೆ. ಕಾನ್ಸನ್ಟ್ರೇಟ್ ತರಲು ಹೇಳಿದ್ದು ಇದಕ್ಕೇ. ಒಟ್ಟು ಅಳತೆಯ ಅರ್ಧದಷ್ಟು ಕಾನ್ಸನ್ಟ್ರೇಟನ್ನು ಮೊದಲು ಸುರಿಯಿರಿ. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಆಗ ಒಳಗಿನ ನೀರೂ ಸೇರಿ ಅರ್ಧಕ್ಕರ್ಧ ಆಗುತ್ತದೆ. ಡಬ್ಬಿಯ ಮೇಲೆ ಬೇರೆ ಪ್ರಮಾಣ ಹೇಳಿದ್ದರೆ ಅದನ್ನೇ ಪಾಲಿಸಿ.

ಇನ್ನು ಗಾಳಿ. ಹೊಸ ಕೂಲೆಂಟ್ ಹಾಕಿದ ಮರುದಿನವೇ ಕಾರು ಬಿಸಿಯಾಯಿತು ಎನ್ನುವವರಲ್ಲಿ ಹೆಚ್ಚಿನವರು ಈ ಹಂತ ಬಿಟ್ಟಿರುತ್ತಾರೆ. ಒಳಗೆ ಗಾಳಿ ಗುಳ್ಳೆ ಸಿಕ್ಕಿಕೊಂಡ ಜಾಗಕ್ಕೆ ಕೂಲೆಂಟ್ ಹೋಗುವುದಿಲ್ಲ.

ಮೂತಿ ಸ್ವಲ್ಪ ಮೇಲಿರುವಂತೆ ಏರಿನ ಮೇಲೆ ಕಾರು ನಿಲ್ಲಿಸಿ. ಆಗ ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ. ಮುಚ್ಚಳ ತೆಗೆದೇ, ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ. ಹೀಟರ್ ಬಿಸಿಗಿರಲಿ, ಎಸಿ ಆಫ್ ಇರಲಿ. ಮೇಲಿನ ಹೋಸನ್ನು ಗ್ಲೌಸ್ ಹಾಕಿದ ಕೈಯಿಂದ ಮೆಲ್ಲಗೆ ಹಿಸುಕಿ ಬಿಡುತ್ತಿರಿ. ಬುಳುಬುಳು ಎಂದು ಗುಳ್ಳೆ ಬರುತ್ತದೆ, ಮಟ್ಟ ದಿಢೀರನೆ ಕೆಳಗಿಳಿಯುತ್ತದೆ. ಇಳಿದಷ್ಟೂ ತುಂಬಿ. ಮುಖವನ್ನು ಬಾಯಿಯ ಮೇಲೆ ಬಗ್ಗಿಸಬೇಡಿ. ಗುಳ್ಳೆ ನಿಂತು, ಮೇಲಿನ ಹೋಸ್ ಬೆಚ್ಚಗಾಗುತ್ತಿದ್ದಂತೆ ಬಾಯಿಯವರೆಗೆ ತುಂಬಿ ಮುಚ್ಚಳ ಹಾಕಿ. ಕೂಲೆಂಟ್ ಉಕ್ಕಲು ಶುರುವಾದರೆ ಕಾಯದೆ ಇಂಜಿನ್ ಆಫ್ ಮಾಡಿ, ತಣಿದ ಮೇಲೆ ಮುಂದುವರಿಸಿ.

ಮುಚ್ಚಳ ಹಾಕಿದ ಮೇಲೆ ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಎರಡು ಸಲ ಹೀಗಾದರೆ ಸರಿ. ಡಬ್ಬದಲ್ಲಿ ಎರಡು ಗೆರೆಗಳ ನಡುವೆ ಕೂಲೆಂಟ್ ಇರಲಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ, ಸ್ವಲ್ಪ ಇಳಿದಿದ್ದರೆ ತುಂಬಿ. ಆ ವಾರ ದೂರದ ಪ್ರಯಾಣ ಬೇಡ, ಊರೊಳಗೇ ಓಡಿಸಿ ನೋಡಿ.

ಯಾವಾಗ ಮೆಕ್ಯಾನಿಕ್ ಹತ್ತಿರ ಹೋಗಬೇಕು

ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದಾಗ ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲುತ್ತಿಲ್ಲವೇ? ಆಯಿಲ್ ಕಡ್ಡಿಯಲ್ಲೋ ಆಯಿಲ್ ಮುಚ್ಚಳದ ಒಳಗೋ ಹಾಲು ಬೆರೆಸಿದ ಕಾಫಿಯಂಥ ಲೋಳೆ ಇದೆಯೇ? ಎಲ್ಲೂ ಸೋರದೆ ಕೂಲೆಂಟ್ ಕಮ್ಮಿಯಾಗುತ್ತಿದೆಯೇ, ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದೆಯೇ? ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಕಾರನ್ನು ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಗ್ಯಾಸ್ಕೆಟ್ ಮಾತ್ರ ಬದಲಿಸಿ ಕೊಡುತ್ತೇನೆ ಎಂದರೆ ಒಪ್ಪಬೇಡಿ. ಹೆಡ್ ಸಪಾಟಾಗಿದೆಯಾ ಎಂದು ಅಳೆಸಿ, ಬೇಕಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಯಂತ್ರದಲ್ಲಿ ಮೈ ಸಮ ಮಾಡಿಸಿ.

ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ ಪಂಪ್ ಮುಗಿಯಿತು. ಅದು ಟೈಮಿಂಗ್ ಬೆಲ್ಟ್ ಇರುವ ಬದಿಯ ಕೆಲಸ. ಅನುಭವ ಇಲ್ಲದಿದ್ದರೆ ಮನೆಯಲ್ಲಿ ಬೇಡ. ಸೋರಿಕೆ ನಿಲ್ಲಿಸುವ ಪುಡಿ, ಅರಿಶಿನ, ಸೀಲಂಟ್ ಯಾವುದನ್ನೂ ರೇಡಿಯೇಟರಿಗೆ ಹಾಕಬೇಡಿ. ತೂತು ಮುಚ್ಚುವುದರ ಜೊತೆಗೆ ನಾಳಗಳೂ ಮುಚ್ಚುತ್ತವೆ.

ದಾರಿಯಲ್ಲೇ ಬಿಸಿಯಾದರೆ

ಎಸಿ ಆಫ್ ಮಾಡಿ. ಹೀಟರ್ ಪೂರ್ತಿ ಹಾಕಿ, ಅದರ ಬ್ಲೋವರ್ ಜೋರಿಗಿಡಿ, ಕಿಟಕಿ ಇಳಿಸಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನೇ ಅದು ಒಳಗೆ ಬಿಡುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಸೂಜಿ ಕೆಂಪು ಮುಟ್ಟಿದ್ದರೆ, ಆವಿ ಬರುತ್ತಿದ್ದರೆ, ಬ್ಯಾಟರಿ ದೀಪ ಹತ್ತಿದ್ದರೆ ಇಂಜಿನ್ ಆಗಲೇ ಆಫ್ ಮಾಡಿ. ಆವಿ ಅಡಗಿದ ಮೇಲಷ್ಟೇ ಬಾನೆಟ್ ಎತ್ತಿ. ಮುಚ್ಚಳಕ್ಕೆ ಮಾತ್ರ ಮುಕ್ಕಾಲು ಗಂಟೆಯಾದರೂ ಕೈ ಹಚ್ಚಬೇಡಿ. ಮೇಲಿನ ಹೋಸ್ ಮುಟ್ಟಿದರೆ ಕೈ ಸುಡದಂತಾದಾಗ, ಮೊದಲ ತಿರುವಿನಷ್ಟೇ ಸಡಿಲಿಸಿ ಒತ್ತಡ ಬಿಟ್ಟು, ಆಮೇಲೆ ತೆಗೆಯಿರಿ. ಆಗ ಕುಡಿಯುವ ನೀರು ತುಂಬಿದರೂ ನಡೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಮನೆ ಸೇರಿದ ವಾರದಲ್ಲೇ ಅದನ್ನು ಇಳಿಸಿ ಸರಿಯಾದ ಕೂಲೆಂಟ್ ತುಂಬಬೇಕು.

ಘಾಟಿ ದಾರಿಗೆ ಹೊರಡುವವರು ಡಿಕ್ಕಿಯಲ್ಲಿ ಐದು ಲೀಟರ್ ನೀರು, ಒಂದು ಹೊಸ ಬೆಲ್ಟ್, ಎರಡು ಹೋಸ್ ಕ್ಲಿಪ್, 12 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಫ್ಯಾನಿನ ಫ್ಯೂಸ್ ಇಟ್ಟುಕೊಳ್ಳಿ. ಬೆಲ್ಟ್ ಹಾಕುವುದನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ಹಾಕಿ ಕಲಿತಿರಿ. ಎಷ್ಟು ವರ್ಷಕ್ಕೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಕೂಲೆಂಟ್ ಡಬ್ಬಿಯ ಮೇಲೆ ಬರೆದಿರುತ್ತದೆ. ತುಂಬಿದ ತಾರೀಕು, ಮೀಟರಿನ ಅಂಕಿ ಮತ್ತು ಕೂಲೆಂಟಿನ ಬಗೆಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ.